ಐದನೇ ಮೂಲ

ನಮ್ಮ ಲೈಬ್ರರಿಯ ಗೋಡೆಗೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು ಹಾಕಿಸಿದವಳು ನಾನೇ. ಮೂವತ್ತು ವರ್ಷಗಳಲ್ಲಿ ಆ ಬೋರ್ಡಿನ ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಬಂಗಾರಪೇಟೆಯ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪುಸ್ತಕ ಕೇಳುವವರು ಒಂದು ಕೇಳುತ್ತಾರೆ, ಹುಡುಕಿಕೊಡುವವರು ಇನ್ನೊಂದು ಕೊಡುತ್ತಾರೆ, ಮನೆಗೆ ಒಯ್ದು ಓದಿದವರು ಮೂರನೆಯದನ್ನೇ ತಿಳಿದುಕೊಂಡು ಬರುತ್ತಾರೆ. ವಾರಕ್ಕೆ ಒಂದಾದರೂ ಇಂಥದ್ದು ನಡೆಯದಿದ್ದರೆ ಕಾಲೇಜಿಗೆ ರಜೆ ಇತ್ತೇನೋ ಅಂತ ನನಗೆ ಅನುಮಾನ ಬರುತ್ತದೆ.

ಈ ವರ್ಷ ಅದು ಸ್ವಲ್ಪ ಹೆಚ್ಚೇ ಆಯಿತು. ಲಿಂಗತ್ವ ಅಧ್ಯಯನ ಅಂತ ಹೊಸ ಪೇಪರ್ ಬಂದದ್ದೇ ಕಾರಣ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಅನ್ನುವುದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಊರಿನವರು ಕಟ್ಟಿದ್ದೆಷ್ಟು ಅಂತ ನೋಡುವ ಪಾಠ. ಪಾಠ ಮಾಡಲು ಧಾರವಾಡದ ಕಡೆಯಿಂದ ಒಬ್ಬ ಎಳೆಯ ಮೇಷ್ಟ್ರು ಬಂದರು. ಅವರು ಮೊದಲ ದಿನವೇ ಹೇಳಿಬಿಟ್ಟರು. ಒಬ್ಬೊಬ್ಬ ಹುಡುಗಿಯೂ ಈ ಭಾಗದ ಹೆಂಗಸರ ಬದುಕಿನ ಮೇಲೆ ಒಂದು ಪ್ರಾಜೆಕ್ಟ್ ಬರೆಯಬೇಕು, ಅದಕ್ಕೆ ಐದು ಮೂಲಗಳಿರಬೇಕು, ನಾಲ್ಕಿದ್ದರೆ ವಾಪಸ್. ಹುಡುಗಿಯರೆಲ್ಲ ಕ್ಲಾಸಿನಿಂದ ಎದ್ದು ನೇರವಾಗಿ ನನ್ನ ಮೇಜಿಗೆ ಬಂದರು.

ನನ್ನದೂ ಒಂದು ಗುಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮಮ್ಮ ಬಂಗಾರಪೇಟೆಯ ಆಚೆಗಿನ ಹಳ್ಳಿಯಿಂದ ಮೊಸರಿನ ಗಡಿಗೆ ಹೊತ್ತು, ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ, ಕೆಜಿಎಫ್‌ನ ಲೈನುಗಳಿಗೆ ಹೋಗಿ ಮಾರಿ ಬರುತ್ತಿದ್ದಳು. ಲೈನು ಅಂದರೆ ಗಣಿ ಕೆಲಸದವರ ಸಾಲುಮನೆಗಳು. ಗಣಿಯ ಮೇಲೆ ಯಾವ ಪುಸ್ತಕ ಬಂದರೂ ನಂಬರು ಹಾಕುವ ಮೊದಲು ನಾನು ಅದರ ಕೊನೆಯ ಪುಟಗಳನ್ನು ತಿರುವಿ ನೋಡುತ್ತೇನೆ. ರೈಲಿನಲ್ಲಿ ಬರುತ್ತಿದ್ದ ಮೊಸರಿನ ಹೆಂಗಸರ ಬಗ್ಗೆ ಒಂದು ಸಾಲಾದರೂ ಇದೆಯೇನೋ ಅಂತ. ಗಣಿ ಎಷ್ಟು ಆಳ, ಚಿನ್ನ ಎಷ್ಟು ಸಿಕ್ಕಿತು, ಯಂತ್ರ ಯಾವ ದೇಶದ್ದು, ಎಲ್ಲ ಇರುತ್ತದೆ. ಮೊಸರು ಇರುವುದಿಲ್ಲ. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಅವಳದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಮೇ ಕೊನೆಗೆ ನಾನು ರಿಟೈರ್ ಆಗುತ್ತೇನೆ. ಅಷ್ಟರೊಳಗೆ ಅಚ್ಚಾದ ಹಾಳೆಯಲ್ಲೋ, ಕೈಬರಹದಲ್ಲೋ, ಎಲ್ಲಾದರೂ ಅವಳು ಒಂದು ಸಾಲಾಗಿ ಕಣ್ಣಿಗೆ ಬೀಳಲಿ ಅಂತ ಆಸೆ. ಹಾಗಾಗಿ ಆ ಕ್ಲಾಸಿಗೆ ಹೆಸರು ಬರೆಸದ ಒಬ್ಬ ವಿದ್ಯಾರ್ಥಿನಿ ಜಾಸ್ತಿ ಇದ್ದಳು ಅಂತಲೇ ಇಟ್ಟುಕೊಳ್ಳಿ.

ಆರು ಮತ್ತು ಕೋಟಿ

ಹೊಸ ಪೇಪರಿಗೆ ಅಂತ ಆರು ಪುಸ್ತಕ ತರಿಸಿದೆ. ನಂಬರು ಹಾಕಿ ಅಟೆಂಡರ್ ಕೈಗೆ ಕೊಟ್ಟೆ. ಈತ ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. ಓದಿದ್ದು ಏಳನೇ ಕ್ಲಾಸು, ಕಪಾಟುಗಳ ಮಟ್ಟಿಗೆ ಮಾತ್ರ ತಾನೇ ಪ್ರಿನ್ಸಿಪಾಲ್. ಮಧ್ಯಾಹ್ನ ನೋಡಿದರೆ ಆರೂ ಪುಸ್ತಕ ದೇವರ ಕಪಾಟಿನಲ್ಲಿ, ಶಿವಪೂಜಾ ವಿಧಾನದ ಪಕ್ಕ ಸಾಲಾಗಿ ನಿಂತಿವೆ.

“ಇದ್ಯಾಕಪ್ಪಾ ಇಲ್ಲಿಟ್ಟೆ?”

“ಲಿಂಗ ಅಂತ ಬರ್ದೈತಲ್ಲ ಮೇಡಮ್ಮೋರೇ. ಇನ್ನೆಲ್ಲಿ ಮಡಗ್ಲಿ?”

“ಅದು ಆ ಲಿಂಗ ಅಲ್ಲ. ಹೆಣ್ಣು, ಗಂಡು ಅಂತೀವಲ್ಲ, ಆ ಲಿಂಗ.”

“ಅಂಗೇಳಿ ಮತ್ತೆ,” ಅಂದು ಎತ್ತಿಕೊಂಡು ಹೋದ. ಮರುದಿನ ಪುಸ್ತಕಗಳು ವ್ಯಾಕರಣದ ಕಪಾಟಿನಲ್ಲಿದ್ದವು. “ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ, ಎಲ್ಲಾನೂ ಒಂದೇ ತಾವ ಸೇರಿಸ್ಬುಟ್ಟಿದೀನಿ, ಉಡುಗೀರ್‌ಗೆ ಅನುಕೂಲ ಆಯ್ತದೆ” ಅಂದ. ಕೊನೆಗೆ ನಾನೇ ಕಿಟಕಿಯ ಪಕ್ಕ ಒಂದು ಕಪಾಟು ಖಾಲಿ ಮಾಡಿ, ‘ಮನೆಗೆ ಕೊಡುವುದಿಲ್ಲ’ ಅಂತ ಚೀಟಿ ಅಂಟಿಸಿ, ಆರನ್ನೂ ಅಲ್ಲಿ ಜೋಡಿಸಿದೆ.

ನಾನು ರಜೆ ಹಾಕಿದ್ದ ಒಂದು ದಿನ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಹುಡುಗಿಯೊಬ್ಬಳು ಬಂದು ಆತನನ್ನೇ ಕೇಳಿದಳಂತೆ, “ಅಣ್ಣಾ, ಲಿಂಗದ ಬಗ್ಗೆ ಜಾಸ್ತಿ ಎಲ್ಲಿ ಸಿಗುತ್ತೆ?” ಆತ ಯೋಚನೆ ಕೂಡ ಮಾಡಲಿಲ್ಲ. “ಕಮ್ಮಸಂದ್ರಕ್ಕೋಗವ್ವ, ಬಸ್ಸೈತೆ.” ಇವಳು ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಹೋಗಿಯೇ ಬಂದಳು. ಅಲ್ಲಿಯ ಕೋಟಿಲಿಂಗೇಶ್ವರ ದೇವಸ್ಥಾನದ ದಾರಿ ಗೊತ್ತಿಲ್ಲದ ಹುಡುಗಿ ಕೆಜಿಎಫ್‌ನಲ್ಲಿ ಹುಟ್ಟಿಲ್ಲ, ಕ್ಲಾಸು ತಪ್ಪಿಸಲು ಒಂದು ನೆಪ ಬೇಕಿತ್ತು ಅಷ್ಟೇ. ಮರುದಿನ ಪ್ರಸಾದ ತಂದು ನನ್ನ ಮೇಜಿನ ಮೇಲಿಟ್ಟು ವರದಿ ಒಪ್ಪಿಸಿದಳು.

“ಮಿಸ್, ನಿಮ್ಮ ಹತ್ರ ಆರೇ ಇದೆ, ಅಲ್ಲಿ ಕೋಟಿ ಇದೆ. ಆದ್ರೆ ಅಲ್ಲೂ ನಿಮ್ಮ ಥರಾನೇ ಮಿಸ್, ಒಂದನ್ನೂ ಮನೆಗೆ ಕೊಡಲ್ವಂತೆ.”

ಅತ್ತೆಗೆ?

ಇನ್ನೊಬ್ಬಳು ಹಳ್ಳಿಯ ಹುಡುಗಿ. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದರು. ಒಂದು ಸಂಜೆ ಜಗಲಿಯಲ್ಲಿ ಕೂತು ಗೆಳತಿಗೆ ಫೋನಿನಲ್ಲಿ, “ನಂದು ಇನ್ನೂ ಎರಡೇ ಮೂಲ ಕಣೇ, ಐದಾಗ್ಬೇಕು” ಅಂದಿದ್ದಾಳೆ. ಒಳಗಿದ್ದ ಅಜ್ಜಿಯ ಕಿವಿಗೆ ಬಿದ್ದಿದ್ದು ‘ಮೂಲ’ ಒಂದೇ. ಮೂಲಾ ನಕ್ಷತ್ರದ ಹುಡುಗಿಯನ್ನು ಸೊಸೆಯಾಗಿ ತಂದರೆ ಮಾವನ ಜೀವಕ್ಕೆ ಆಗಿಬರುವುದಿಲ್ಲ ಅಂತ ನಮ್ಮ ಕಡೆ ಒಂದು ಹೆದರಿಕೆ ಇದೆ. ಎಷ್ಟೋ ಹುಡುಗಿಯರ ಮದುವೆ ಅದರಿಂದಲೇ ನಿಂತಿವೆ.

ಮರುದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಸಮೇತ ಹುಡುಗಿಯ ತಂದೆ ನನ್ನೆದುರು ಬಂದು ನಿಂತರು. ಕ್ಯಾನಿನೊಳಗಿಂದ ಸುರುಳಿ ಸುತ್ತಿದ ಜಾತಕ ತೆಗೆದು ಮೇಜಿನ ಮೇಲೆ ಬಿಡಿಸಿದರು.

“ನೋಡ್ಕಳಿ ಮೇಡಮ್ಮೋರೇ, ನಮ್ ಮಗೂದು ಉತ್ತರಾಷಾಢ. ಮೂಲ ಅಂತ ನಿಮ್ ಕಾಲೇಜ್ನಾಗೆ ಯಾರ್ ಬರ್ದವ್ರೆ? ಗಂಡಿನ್ ಕಡೆಯೋರ್ಗೆ ಗೊತ್ತಾದ್ರೆ ಏನ್ ಗತಿ? ಒಂದ್ ಮೂಲ ಇದ್ರೇನೇ ಮಾವ ಉಳಿಯಾಕಿಲ್ಲ ಅಂತಾರೆ. ಇವಳ್ಗೆ ಐದಂತೆ! ಅವ್ರ ಮನೇಲಿ ಐದ್ ಜನ ಮಾವಂದ್ರು ಎಲ್ಲವ್ರೆ?”

ಕೂರಿಸಿ ನೀರು ಕೊಟ್ಟೆ. ನಿಧಾನವಾಗಿ ಹೇಳಿದೆ. “ಇದು ನಕ್ಷತ್ರ ಅಲ್ಲ ಅಣ್ಣಾ. ಒಂದು ಮಾತು ನಮಗೆ ಎಲ್ಲಿಂದ ಬಂತೋ ಅದು ಆ ಮಾತಿನ ಮೂಲ. ಪುಸ್ತಕದಲ್ಲಿ ಬರೆದವರಿರಲಿ, ಬಾಯಲ್ಲಿ ಹೇಳಿದವರಿರಲಿ, ಓದು ಬಾರದವರಿರಲಿ. ಯಾರು ಹೇಳಿದರೋ ಅವರ ಹೆಸರನ್ನು ಪಟ್ಟಿಯಲ್ಲಿ ಬರೆಯಬೇಕು. ಹೇಳಿದವರ ಹೆಸರು ನುಂಗಬಾರದು. ಅಷ್ಟೇ ನಿಯಮ.” ಕಿಟಕಿಯ ಪಕ್ಕ ಕೂತಿದ್ದ ಚಾಂಪಿಯನ್ ರೀಫ್ಸಿನ ಹುಡುಗಿ ತಲೆ ಎತ್ತಿ ನೋಡಿ, ಅದನ್ನು ಹಾಗೇ ನೋಟ್ಸಿನಲ್ಲಿ ಬರೆದುಕೊಂಡಳು. ಕ್ಲಾಸಿನಲ್ಲಿ ಬರೆಯದವಳು ಇಲ್ಲಿ ಬರೆದುಕೊಂಡಳಲ್ಲ ಅಂತ ನನಗೆ ಖುಷಿಯಾಯಿತು.

ತಂದೆಗೆ ಜೀವ ಬಂದ ಹಾಗಾಯಿತು. ಜಾತಕ ಸುತ್ತಿ ಕ್ಯಾನಿಗೆ ಹಾಕಿಕೊಂಡರು. “ಅಂಗಾದ್ರೆ ಇದ್ರಿಂದ ಮಾವಂಗೆ ಏನೂ ಆಗಾಕಿಲ್ಲ?”

“ಏನೂ ಆಗಲ್ಲ.”

ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಹುಡುಗನ ತಾಯಿ ಬಹಳ ಜೋರು ಅಂತ ನನಗೆ ಆಮೇಲೆ ಗೊತ್ತಾಯಿತು.

“ಅತ್ತೆಗೂ?” ಅಂತ ಕೇಳಿದರು, ಸ್ವಲ್ಪ ಬೇಜಾರಿನಲ್ಲೇ.

ಹೆಸರಿನ ಕೊನೆ

ಮೂಲ ಸಿಕ್ಕಿದರೆ ಸಾಲದು, ಪಟ್ಟಿ ಮಾಡುವುದಕ್ಕೂ ಒಂದು ಕ್ರಮ ಇದೆ. ಕೊನೆಯ ಹೆಸರು ಮೊದಲು, ಆಮೇಲೆ ಒಂದು ಕಾಮಾ, ಆಮೇಲೆ ಉಳಿದ ಹೆಸರು. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಅವರ ಕಡೆಯವರಿಗೆಲ್ಲ ಮನೆತನದ ಹೆಸರಿರುತ್ತದೆ, ಅವರಿಗೇನು. ನಮ್ಮ ಕಡೆ ಇರುವುದೇ ಒಂದು ಹೆಸರು, ಅದರ ಮುಂದೆ ಊರಿನದೂ ಅಪ್ಪನದೂ ಒಂದೊಂದು ಅಕ್ಷರ.

ಚಾಂಪಿಯನ್ ರೀಫ್ಸಿನ ಹುಡುಗಿ ಗಣಿ ಲೈನುಗಳ ಹೆಂಗಸರ ಬದುಕು ಅಂತ ವಿಷಯ ಆರಿಸಿಕೊಂಡಿದ್ದಳು. ತನಗೆ ಮಾತು ಹೇಳಿದವರ ಪಟ್ಟಿ ತಂದು ತೋರಿಸಿದಳು. ಮೊದಲನೆಯದು ‘ಅಮ್ಮ, ಮುನಿ.’ ಎರಡನೆಯದು ‘ಅಕ್ಕ, ಲಕ್ಷ್ಮ.’ ಮೂರನೆಯದು ‘ಅಪ್ಪ, ವೆಂಕಟ.’

“ಏನೇ ಇದು?”

“ಮುನಿಯಮ್ಮ, ಲಕ್ಷ್ಮಕ್ಕ, ವೆಂಕಟಪ್ಪ ಮಿಸ್. ಕೊನೆ ಹೆಸರು ಮೊದಲು ಅಂದ್ರಲ್ಲ.”

“ಅದು ಕೊನೆ ಹೆಸರಲ್ಲ ಕಣೇ, ಹೆಸರಿನ ಕೊನೆ. ಮುನಿಯಮ್ಮ ಅಂದ್ರೆ ಪೂರ್ತಿ ಒಂದೇ ಹೆಸರು. ಬಿಡಿಸಬಾರದು.”

“ಹೈಸ್ಕೂಲಲ್ಲಿ ಬಿಡಿಸು ಬಿಡಿಸು ಅಂತ ಕೈ ಮೇಲೆ ಹೊಡೆದ್ರು ಮಿಸ್. ಈಗ ನೀವು ಬಿಡಿಸಬೇಡ ಅಂತೀರ. ಸಂಧಿ ಯಾವಾಗ ಬಿಡಿಸ್ಬೇಕು, ಯಾವಾಗ ಬಿಡಿಸ್ಬಾರ್ದು ಅಂತ ಒಂದು ಬೋರ್ಡಾದ್ರೂ ಹಾಕಿ.”

ನಾನು ಕೆಂಪು ಪೆನ್ನು ತೆಗೆದು ಮೂರನ್ನೂ ಹೊಡೆದು ಸರಿಯಾಗಿ ಬರೆದೆ. ಮೂವತ್ತು ವರ್ಷದಿಂದ ಆ ಪೆನ್ನು ಯಾರನ್ನೂ ಬಿಟ್ಟಿಲ್ಲ. ಅವಳು ಹಾಳೆ ತೆಗೆದುಕೊಂಡು, ಹೊಡೆದ ಗೆರೆಯನ್ನು ನೋಡುತ್ತ ನಿಟ್ಟುಸಿರು ಬಿಟ್ಟಳು.

“ಚೆನ್ನಾಗಿತ್ತು ಮಿಸ್. ರೇಷನ್ ಕಾರ್ಡಲ್ಲಿ, ಆಧಾರಲ್ಲಿ, ಎಲ್ಲಾ ಕಡೆ ಅಪ್ಪನೇ ಮೊದಲು. ಇಲ್ಲೊಂದು ಕಡೆ ಅಮ್ಮ ಮೊದಲು ಬಂದಿದ್ಲು, ಅದನ್ನೂ ಹೊಡೆದ್ಬಿಟ್ರಿ. ಇದು ಯಾವ ಸೀಮೆ ಜೆಂಡರ್ ಸ್ಟಡೀಸು?”

ತಾಯಿ

ಇದು ಈ ವರ್ಷದ್ದಲ್ಲ, ಐವತ್ತು ವರ್ಷದ ಹಿಂದಿನದು. ಆದರೂ ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅಮ್ಮ ಮೊದಲ ಸಲ ಕೆಜಿಎಫ್‌ಗೆ ಮೊಸರು ಒಯ್ದಾಗ ಅವಳಿಗೆ ಬರುತ್ತಿದ್ದದ್ದು ನಮ್ಮ ಹಳ್ಳಿಯ ಕನ್ನಡ ಮತ್ತು ಒಂದಿಷ್ಟು ತೆಲುಗು. ಲೈನುಗಳಲ್ಲಿ ಎಲ್ಲಿ ನೋಡಿದರೂ ತಮಿಳು. ಅಲ್ಲಿಯ ಹೆಂಗಸರು ಇವಳನ್ನು ಕಂಡ ಕೂಡಲೇ ಬಾಗಿಲಿಂದ ‘ತಯಿರ್! ತಯಿರ್!’ ಅಂತ ಕೂಗುತ್ತಿದ್ದರು. ತಮಿಳಿನಲ್ಲಿ ತಯಿರ್ ಅಂದರೆ ಮೊಸರು. ಅಮ್ಮನಿಗೆ ಕೇಳಿಸಿದ್ದು ‘ತಾಯಿ’. ಪರಊರಿನಲ್ಲಿ ಗುರುತಿಲ್ಲದ ಜನ ತನ್ನನ್ನು ತಾಯಿ ತಾಯಿ ಅಂತ ಕರೆಯುತ್ತಾರಲ್ಲ ಅಂತ ಅವಳ ಎದೆ ತುಂಬಿಬಂತು. ತಾಯಿ ಅಂದವರಿಗೆ ಮಗಳೇ ಅನ್ನದಿದ್ದರೆ ಹೇಗೆ? ಇವಳೂ ‘ಬಂದೆ ಮಗಳೇ, ಬಂದೆ’ ಅಂತ ಓಡುತ್ತಿದ್ದಳು. ತನಗಿಂತ ಹತ್ತು ವರ್ಷ ದೊಡ್ಡವರಿಗೂ ಮಗಳೇ!

ಸಂಜೆ ಊರಿಗೆ ಬಂದು, “ನೀವು ಏನಾದ್ರೂ ಅನ್ರಿ, ನಮ್ಮೂರ್ ಜನಕ್ಕೆ ಅಷ್ಟು ಮರ್ವಾದೆ ಇಲ್ಲ. ಅಲ್ಲಿ ಒಬ್ಬೊಬ್ರೂ ನನ್ನ ತಾಯಿ ಅಂತಾರೆ” ಅಂತ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಒಂದು ವರ್ಷವಾದ ಮೇಲೆ ರೈಲಿನಲ್ಲಿ ಯಾರೋ ನಿಜ ಹೇಳಿದರು. ಆ ದಿನ ಅಮ್ಮ ಮನೆಗೆ ಬಂದು ಗಡಿಗೆ ತೊಳೆದು ಬೋರಲು ಹಾಕಿದಳು. ಆಮೇಲೆ, “ಓಗ್ಲಿ ಬುಡು, ಕೇಳೋಕೆ ತಾಯಿ ಅಂದಂಗೇ ಇರ್ತದೆ” ಅಂದಳು. ಮಗಳೇ ಅನ್ನುವುದನ್ನು ಬಿಡಲಿಲ್ಲ.

ಮನೆಯಲ್ಲಿ ಎರಡು ಎಮ್ಮೆ ಇದ್ದವು. ಆದರೂ ನನ್ನ ತಟ್ಟೆಗೆ ಮೊಸರು ಬೀಳುತ್ತಿರಲಿಲ್ಲ. ಮುದ್ದೆ, ಸಾರು ಮುಗಿದು ಅನ್ನ ಉಳಿದಾಗ ನಾನು ದಿನಾ ಒಂದೇ ರಾಗ ತೆಗೆಯುತ್ತಿದ್ದೆ. “ಅಮ್ಮ, ಮೊಸರು.”

ಅವಳದೂ ದಿನಾ ಒಂದೇ ಉತ್ತರ. “ಮೊಸರು ರೈಲಿಗೋಯ್ತು ಕಣವ್ವ.”

ಬಹಳ ದಿನ ನಾನು ರೈಲು ಮೊಸರು ತಿನ್ನುತ್ತದೆ ಅಂತಲೇ ತಿಳಿದಿದ್ದೆ. ಸ್ಕೂಲಿನಲ್ಲಿ ರೈಲು ಯಾವುದರಿಂದ ಓಡುತ್ತದೆ ಅಂತ ಕೇಳಿದಾಗ ಕೈ ಎತ್ತಿ ಅದನ್ನೇ ಹೇಳಿದೆ.

ಟೈಗರ್

ಜನವರಿಯ ಹೊತ್ತಿಗೆ ಚಾಂಪಿಯನ್ ರೀಫ್ಸಿನ ಹುಡುಗಿಗೆ ನಾಲ್ಕು ಮೂಲ ಸಿಕ್ಕಿದ್ದವು. ಐದನೆಯದು ಸಿಗಲಿಲ್ಲ. ಕೆಜಿಎಫ್‌ನ ನಂದಿದುರ್ಗ ಗಣಿಯ ಕಡೆ ಒಂದು ಹಳೆಯ ವಾಚನಾಲಯ ಇದೆ, ಗಣಿ ನಡೆಯುತ್ತಿದ್ದ ಕಾಲದ ಕಾಗದ ಪತ್ರ, ಫೋಟೋ ಎಲ್ಲ ಅಲ್ಲಿವೆ ಅಂತ ಯಾರೋ ಅಂದರು. “ಬನ್ನಿ ಮಿಸ್, ಇಬ್ಬರೂ ಹೋಗೋಣ” ಅಂದಳು. ಅವಳಿಗೆ ಜೊತೆ ಬೇಕಿರಲಿಲ್ಲ, ನನಗೆ ಬೇಕಿತ್ತು ಅಂತ ಅವಳಿಗೆ ಹೇಗೋ ಗೊತ್ತಾಗಿತ್ತು.

ಮಾರಿಕುಪ್ಪಂ ರೈಲಿನಲ್ಲಿ ಕಿಟಕಿ ಪಕ್ಕ ಕೂತೆ. ಅಮ್ಮ ಗಡಿಗೆ ಇಟ್ಟುಕೊಂಡು ಬಾಗಿಲ ಬಳಿ ನೆಲದಲ್ಲಿ ಕೂರುತ್ತಿದ್ದಳಂತೆ. ಆ ಜಾಗದಲ್ಲಿ ಈಗ ಒಬ್ಬಳು ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಿಂತಿದ್ದಳು. ದಾರಿಯುದ್ದಕ್ಕೂ ನಾನು ಆ ನೆಲವನ್ನೇ ನೋಡುತ್ತಿದ್ದೆ. ಆ ಹುಡುಗಿ ತನ್ನ ಚಪ್ಪಲಿಯಲ್ಲಿ ಏನೋ ಅಂಟಿದೆ ಅಂತ ಎರಡು ಸಲ ಕಾಲೆತ್ತಿ ನೋಡಿಕೊಂಡಳು.

ವಾಚನಾಲಯ ನೋಡಿಕೊಳ್ಳುವವರು ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ತಾತ. “ಲೇಡೀಸ್ ಬಗ್ಗೆ ಬೇಕಾ? ಇದೆಯಮ್ಮಾ ಇದೆ” ಅಂದು ಒಳಗಿಂದ ಸ್ವೆಟರ್ ಹೆಣೆಯುವ ಪುಸ್ತಕ, ಕೇಕ್ ಮಾಡುವ ಪುಸ್ತಕ ತಂದು ಇಟ್ಟರು. ಅದಲ್ಲ ಅಂದ ಮೇಲೆ ಗೋಡೆಯಿಂದ ಒಂದು ಗ್ರೂಪ್ ಫೋಟೋ ಇಳಿಸಿ ಧೂಳು ಒರೆಸಿದರು. ಮೂರು ಸಾಲಿನಲ್ಲಿ ಹೆಲ್ಮೆಟ್ಟಿನ ಗಂಡಸರು. ಕೆಳಗೆ ಎಲ್ಲರ ಹೆಸರೂ ಸಾಲಾಗಿ, ಎಡದಿಂದ ಬಲಕ್ಕೆ. ಬಲಗಡೆ ತುದಿಯಲ್ಲಿ ಯಾರೋ ಹೆಂಗಸು ದಾಟಿಹೋಗುತ್ತಿದ್ದಾಳೆ. ಚೌಕಟ್ಟಿನೊಳಗೆ ಸಿಕ್ಕಿರುವುದು ಅವಳ ಒಂದು ಮೊಣಕೈ, ಎತ್ತಿ ಹಿಡಿದ ಗಡಿಗೆಯ ಅರ್ಧ.

ಮೊಣಕೈ ನೋಡಿ ಅಮ್ಮನನ್ನು ಗುರುತು ಹಿಡಿಯುವುದನ್ನು ನನಗೆ ಯಾವ ಲೈಬ್ರರಿ ಸೈನ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ಅವಳಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಅವಳು ಇನ್ನೊಂದು ಹೆಜ್ಜೆ ನಿಧಾನವಾಗಿ ಇಟ್ಟಿದ್ದರೆ ಮುಖ ಬಂದುಬಿಡುತ್ತಿತ್ತು. ರೈಲಿಗೆ ಅವಸರವಾಗಿತ್ತೇನೋ.

“ಇವರು ಯಾರು ತಾತ?” ಅಂತ ಹುಡುಗಿ ಕೇಳಿದಳು.

ತಾತ ಬಗ್ಗಿ ನೋಡಿದರು. “ಅದು ಯಾರೋ ಪೊಂಬಳೆ, ಹೆಂಗಸು. ಹೆಸರು ಬರೆದಿಲ್ಲ. ಅದರ ಪಕ್ಕ ನಾಯಿ ಕೂತಿದೆ ನೋಡಿ, ಅದರ ಹೆಸರು ಇದೆ. ಟೈಗರ್.”

ನೋಡಿದರೆ ನಿಜ. ಅಚ್ಚುಕಟ್ಟಾಗಿ, ಕೊನೆಯ ಹೆಸರಾಗಿ, ‘ಟೈಗರ್’ ಅಂತ ಬರೆದಿದೆ. ಹುಡುಗಿ ತನ್ನ ಪುಸ್ತಕ ತೆಗೆದು ನನ್ನ ಮುಖ ನೋಡಿದಳು.

“ಮಿಸ್, ನಾಯಿಗೆ ಸರ್‌ನೇಮ್ ಇಲ್ಲ. ಇದನ್ನಾದ್ರೂ ಹಾಗೇ ಬರೀಬಹುದಲ್ವಾ?”

ಐದನೇ ಮೂಲ

ಪ್ರಾಜೆಕ್ಟ್ ಕೊಡಲು ಒಂದು ದಿನ ಉಳಿದಾಗ ಅವಳು ಮೂಲಗಳ ಪಟ್ಟಿ ತಿದ್ದಿಸಿಕೊಳ್ಳಲು ಬಂದಳು. ಐದೂ ತುಂಬಿದ್ದವು. ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಮೊದಲ ನಾಲ್ಕು ಸರಿಯಾಗಿದ್ದವು. ಐದನೆಯದು ಹೀಗಿತ್ತು.

‘ಅಮ್ಮ, ಮೊಸರು. ಬಾಯಿಮಾತು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು.’

ಪೆನ್ನು ಕೈಯಲ್ಲೇ ಉಳಿಯಿತು. “ಇದು ಯಾರೇ?” ಅಂದೆ.

“ಮೊಸರಮ್ಮ ಅಂತ ಮಿಸ್. ನಾಲ್ಕು ದಿನ ನಮ್ಮ ಪಾಟೀನ ಮಾತಾಡಿಸಿ ರೆಕಾರ್ಡ್ ಮಾಡ್ದೆ.” ಪಾಟಿ ಅಂದರೆ ಅವಳ ಅಜ್ಜಿ, ಎಂಬತ್ತು ದಾಟಿದವರು. “ಆದ್ರೆ ಪಾಟಿ ಏನೇ ಹೇಳಿದ್ರೂ ಯಾರು ಹೇಳಿದ್ದು ಅಂದ್ರೆ ಮೊಸರಮ್ಮ, ಮೊಸರಮ್ಮ. ನೀವೇ ಹೇಳಿದ್ರಲ್ಲ ಮಿಸ್, ಯಾರು ಹೇಳಿದ್ರೋ ಅವರ ಹೆಸರು, ನುಂಗಬಾರದು ಅಂತ. ಹಂಗಾಗಿ ಪಾಟೀನ ಬಿಟ್ಟು ಅವರನ್ನೇ ಹಾಕ್ದೆ.” ಅಂದು ಫೋನ್ ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದಳು.

ಪಾಟಿಯ ಮಾತು ಮುಕ್ಕಾಲು ತಮಿಳು, ಕಾಲು ಕನ್ನಡ. ಮೈಸೂರು ಮೈನ್ಸ್ ಅನ್ನುವ ಇನ್ನೊಂದು ಗಣಿಯ ಲೈನಿನಲ್ಲಿ ಅಪಘಾತದ ಸೈರನ್ ಕೂಗಿದ ದಿನ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರಿ, ಒಂದೇ ಒಲೆ ಹಚ್ಚಿ, ಎಲ್ಲ ಮಕ್ಕಳಿಗೂ ಅಲ್ಲೇ ಗಂಜಿ ಹಾಕುತ್ತಿದ್ದರಂತೆ. ಹುಡುಗಿಯ ದನಿ ಕೇಳಿತು, “ಯಾರು ಸೊನ್ನಾಂಗ ಪಾಟಿ?” ಯಾರು ಹೇಳಿದ್ದು ಅಂತ. “ಮೊಸರಮ್ಮ ಸೊನ್ನಾ.” ನಂದಿದುರ್ಗದಲ್ಲಿ ಒಬ್ಬ ಸೂಲಗಿತ್ತಿಯ ಕೈ ಬಹಳ ಮೆತ್ತಗಂತೆ, ಅವಳು ಮುಟ್ಟಿದರೆ ನೋವೇ ಗೊತ್ತಾಗದೆ ಹೆರಿಗೆಯಾಗುತ್ತಿತ್ತಂತೆ. “ಅದನ್ನ ಯಾರು ಹೇಳಿದ್ರು?” “ಮೊಸರಮ್ಮ.” “ನೀನು ಆ ಲೈನ್‌ಗೆಲ್ಲ ಹೋಗಿದ್ಯಾ ಪಾಟಿ?” “ನಾನೆಲ್ಲಿ ಹೋಗ್ಲಿ? ಮದುವೆಯಾಗಿ ಬಂದವಳು ಈ ಲೈನ್ ಬಿಟ್ಟು ಹೋಗಲಿಲ್ಲ. ನಮ್ಮ ಮನೆಗೆ ಪೇಪರ್ ಬರಲ್ಲ, ಮೊಸರಮ್ಮ ಬರುವಾಳ್. ನನಗೆ ಬಂದ ಮೊದಲ ಕನ್ನಡ ಮೊಸರು.”

ಕೆಜಿಎಫ್‌ಗೆ ಮೊಸರು ಒಯ್ಯುತ್ತಿದ್ದವಳು ನಮ್ಮಮ್ಮ ಒಬ್ಬಳೇ ಅಲ್ಲ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಾಟಿ ನಗಲು ಶುರು ಮಾಡಿದರು.

“ಅವಳಿಗೆ ಒಂದು ಹುಚ್ಚು. ನಾವು ತಯಿರ್ ಅಂತ ಕೂಗಿದ್ರೆ ಅವಳು ನಮ್ಮನ್ನ ‘ಬಂದೆ ಮಗಳೇ’ ಅನ್ನೋಳು. ನನಗಿಂತ ಚಿಕ್ಕವಳು! ಏನು ಮಗಳೋ ಏನೋ ಅಂತ ನಾವು ನಗೋದು. ಆದ್ರೆ ನನಗೆ ತಾಯಿ ಇರಲಿಲ್ಲ ನೋಡು. ಅವಳು ಮಗಳೇ ಅಂದ್ರೆ ಚೆನ್ನಾಗಿರೋದು.” ಪಾಟಿ ಮುಂದುವರಿಸಿದರು. “ಅವಳಿಗೆ ನಿಜವಾದ ಮಗಳು ಒಬ್ಬಳು ಇದ್ದಳು. ಓದ್ತಾಳೆ ಓದ್ತಾಳೆ ಅಂತ ದಿನಾ ಹೇಳೋಳು. ಎಲ್ಲಾ ನಮಗೇ ಹಾಕ್ತೀಯಲ್ಲ, ಆ ಮಗೂಗೆ ಒಂದು ಚೂರು ಮೊಸರು ಎತ್ತಿಡಬಾರ್ದಾ ಅಂತ ನಾನು ಒಂದು ದಿನ ಬೈದೆ. ‘ಇಲ್ಲ ಮಗಳೇ, ಅವಳಿಗೆ ಮೊಸರೇ ಸೇರಾಕಿಲ್ಲ’ ಅಂದಳು.”

ರೆಕಾರ್ಡಿಂಗ್ ಅಲ್ಲಿಗೆ ನಿಂತಿತು. ನಾನು ಎದ್ದು ಹೋಗಿ ಕಿಟಕಿ ತೆರೆದೆ, ತೆರೆದಿದ್ದ ಕಿಟಕಿಯನ್ನೇ. ಅಮ್ಮ ಸುಳ್ಳು ಹೇಳಿದ್ದು ನನಗೆ ಗೊತ್ತಿದ್ದ ಹಾಗೆ ಅದೊಂದೇ. ಅದನ್ನು ನನ್ನ ಮೇಲೆಯೇ ಹೇಳಿದ್ದಳು. ಬೈಯಲು ಕೂಡ ಅವಳಿಲ್ಲವಲ್ಲ ಅಂತ ಅಳು ಬಂತು.

“ಮಿಸ್? ತಪ್ಪಾಗಿದ್ಯಾ? ಗೊತ್ತು ಮಿಸ್, ಮೊಸರಮ್ಮ ಅಂತ ಕೂಡಿಸಿ ಬರೀಬೇಕು. ಬಿಡಿಸಬಾರದು ಅಂದಿದ್ರಿ. ಹೊಡೆದ್ಹಾಕಿ, ಸರಿಯಾಗಿ ಬರೀತೀನಿ.”

ನಾನು ಮತ್ತೊಂದು ಸಲ ಓದಿದೆ. ಅಮ್ಮ, ಮೊಸರು. ಕಾಮಾ ಸರಿಯಾಗಿ, ತಟ್ಟೆಯ ಮುಂದೆ ರಾಗ ತೆಗೆಯುವಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಬಿದ್ದಿತ್ತು. ಪೆನ್ನಿಗೆ ಮುಚ್ಚಳ ಹಾಕಿದೆ.

“ಸರಿಯಾಗೇ ಇದೆ ಕಣೇ. ಒಂದಕ್ಷರ ಮುಟ್ಟಬೇಡ.”

ಎರಡು ದಿನ ಬಿಟ್ಟು ಎಳೆಯ ಮೇಷ್ಟ್ರು ಅದೇ ಪ್ರಾಜೆಕ್ಟ್ ಹಿಡಿದುಕೊಂಡು ಲೈಬ್ರರಿಗೆ ಬಂದರು. ಬಹಳ ಉತ್ಸಾಹದಲ್ಲಿದ್ದರು. “ಮೇಡಂ, ಎಲ್ಲಾರ್ಕಿಂತ ಛಲೋ ಬರದಾಳ್ರೀ ಈ ಹುಡುಗಿ. ಅದರಾಗೂ ಈ ಐದನೇ ಮೂಲದ ಮಾಹಿತಿ ಬ್ಯಾರೆ ಎಲ್ಲೂ ಇಲ್ಲ. ಯಾರ್ರೀ ಇವರು, ‘ಅಮ್ಮ’ ಅಂತ ಮನೆತನದ ಹೆಸರು? ಇವರದು ಬ್ಯಾರೆ ಕೃತಿ ಏನರ ನಮ್ಮ ಲೈಬ್ರರಿಯೊಳಗ ಐತೇನ್ರಿ?”

“ಒಂದಿದೆ ಸಾರ್,” ಅಂದೆ. “ಒಂದೇ ಪ್ರತಿ. ಮೂವತ್ತು ವರ್ಷದಿಂದ ಇಲ್ಲೇ ಇದೆ, ಮನೆಗೆ ಕೊಡೋ ಹಾಗಿಲ್ಲ. ಮೇ ಕೊನೆಗೆ ತೆಗೆದುಹಾಕ್ತಾರೆ.”

ಮೇಷ್ಟ್ರು ಅರ್ಥವಾಗದೆ ಪ್ರಾಜೆಕ್ಟಿನ ಆ ಪುಟವನ್ನು ಮತ್ತೆ ತಿರುವಿದರು. ಅಷ್ಟರಲ್ಲಿ ಅಟೆಂಡರ್ ಸ್ಟೂಲು ಎತ್ತಿಕೊಂಡು, ಬೀಗದ ಕೈ ಗೊಂಚಲು ಕುಲುಕಿಸುತ್ತ ದೇವರ ಕಪಾಟಿನ ಕಡೆ ಹೊರಟಿದ್ದ.

“ಅಲ್ಲಿಗ್ಯಾಕಪ್ಪಾ?” ಅಂದೆ.

“ಬರ್ದೋರ ಎಸ್ರು ಅಮ್ಮ ಅಂದ್ರಲ್ಲ ಮೇಡಮ್ಮೋರೇ,” ಅಂದ ಸ್ಟೂಲು ಹತ್ತುತ್ತ. “ದೇವ್ರ ಸಾಲ್ನಾಗಲ್ದೆ ಇನ್ನೆಲ್ಲಿರ್ತದೆ?”